ಆಕ್ಸಿಜನ್ ಹಾಕಿಕೊಂಡಿರುವ ತಂದೆಯವರಿಗೆ ವ್ಯಾಯಾಮ ಮಾಡಿಸಬಹುದೇ?

ಸಾಗರದ ಕಡೆಯ ಹಳ್ಳಿಯಲ್ಲಿರುವ ನಿಮ್ಮ ತಂದೆಯವರಿಗೆ ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ, ನಿಮಿಷಕ್ಕೆ ಎರಡು ಲೀಟರ್ ಆಕ್ಸಿಜನ್ ಹಾಕಿಕೊಂಡು ಕುಳಿತಿದ್ದಾಗ ರಕ್ತದ ಆಕ್ಸಿಜನ್ ಮಟ್ಟವನ್ನು ಬೆರಳಿನಲ್ಲಿ ಅಳೆಯುವ ಮೀಟರ್ ಶೇಕಡಾ 93 ತೋರಿಸುತ್ತದೆ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ 84ಕ್ಕೆ ಇಳಿಯುತ್ತದೆ, ಹೀಗಿರುವಾಗ ನಡೆದಾಡಿಸುವುದೋ ಮಲಗಿಸಿಯೇ ಇಡುವುದೋ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ, ಇದೇ ಕಾಯಿಲೆಯಿಂದ ಕೆಲವು ವರ್ಷಗಳಿಂದ ಮೂಗಿಗೆ ನಳಿಕೆ ಹಾಕಿಕೊಂಡೇ ಬದುಕುತ್ತಿರುವವನು. ನಡೆದಾಡಿಸಬೇಕು, ಆದರೆ ಆ 84ನ್ನು ವೈದ್ಯರ ಗಮನಕ್ಕೆ ತಂದ ನಂತರ.

ಕುಳಿತಾಗ ಬೇಕಾಗುವ ಆಕ್ಸಿಜನ್ ಬೇರೆ, ನಡೆಯುವಾಗ ಬೇಕಾಗುವುದು ಬೇರೆ. ಚೀಟಿಯಲ್ಲಿರುವ ಎರಡು ಲೀಟರ್ ಬಹುಶಃ ಕುಳಿತಾಗಿನ ಲೆಕ್ಕ. ಶ್ವಾಸಕೋಶ ತಜ್ಞರು ರೋಗಿಯನ್ನು ಆರು ನಿಮಿಷ ನಡೆಸಿ, ಮೀಟರ್ ಎಷ್ಟಕ್ಕೆ ಇಳಿಯುತ್ತದೆಂದು ನೋಡಿ, ನಡಿಗೆಗೆಂದೇ ಪ್ರತ್ಯೇಕ ಪ್ರಮಾಣವನ್ನು ಬರೆದುಕೊಡಬಲ್ಲರು. ಮುಂದಿನ ಸಲ ಶಿವಮೊಗ್ಗಕ್ಕೆ ತೋರಿಸಲು ಹೋದಾಗ ಇದನ್ನು ನೀವಾಗಿಯೇ ಕೇಳಿ. ಅಲ್ಲಿಯವರೆಗೆ ಕಾನ್ಸಂಟ್ರೇಟರಿನ (ಕರೆಂಟಿನಲ್ಲಿ ಓಡುವ ಆಕ್ಸಿಜನ್ ಮೆಷಿನ್ನಿನ) ಗುಂಡಿಯನ್ನು ನಿಮ್ಮಷ್ಟಕ್ಕೆ ತಿರುಗಿಸಬೇಡಿ. ಸಿಒಪಿಡಿ ಇರುವ ಕೆಲವರಲ್ಲಿ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಬೆಳಗಿನ ತಲೆನೋವು, ಹಗಲಿನ ಮಂಪರು, ತಡವರಿಸುವ ಮಾತು ಅದರ ಲಕ್ಷಣಗಳು. ಅಂಥವರಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿಯನ್ನೇ ಇಡುತ್ತಾರೆ; 98 ತೋರಿಸಲಿ ಎಂದು ಹಂಬಲಿಸಬೇಕಾಗಿಲ್ಲ.

ಮಲಗಿಸಿಯೇ ಇಟ್ಟರೆ ಮೊದಲು ಸೋಲುವುದು ತೊಡೆಯ ಸ್ನಾಯುಗಳು, ಸೋತ ಸ್ನಾಯು ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರನ್ನು ಬೇಡುತ್ತದೆ. ವ್ಯಾಯಾಮ ಶ್ವಾಸಕೋಶವನ್ನು ರಿಪೇರಿ ಮಾಡುವುದಿಲ್ಲ, ಕಾಲುಗಳ ಈ ಬೇಡಿಕೆಯನ್ನು ತಗ್ಗಿಸುತ್ತದೆ.

ಜಗಲಿಯಂಥ ಸಮತಟ್ಟಾದ ಜಾಗದಲ್ಲಿ ಆರಂಭಿಸಿ. ವೈದ್ಯರು ಹೇಳಿದ್ದರೆ ಇನ್‌ಹೇಲರ್ ಎಳೆದು ಕಾಲು ಗಂಟೆ ಕಳೆದ ಮೇಲೆ ಒಂದು ನಿಮಿಷ ನಡೆಯುವುದು, ಒಂದು ನಿಮಿಷ ಕೂರುವುದು, ಹೀಗೆ ಐದಾರು ಸುತ್ತು ಸಾಕು. ಮೂಗಿನಿಂದ ಎಳೆದ ಉಸಿರನ್ನು ತುಟಿ ಮೊನಚು ಮಾಡಿ, ಎಳೆದುದಕ್ಕಿಂತ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಸಿಒಪಿಡಿಯಲ್ಲಿ ಗಾಳಿ ಪೂರ್ತಿ ಹೊರಬಾರದೆ ಒಳಗೇ ಉಳಿಯುವುದರಿಂದ ಬಿಡುವುದೇ ಮುಖ್ಯ. ಚಿಕ್ಕ ವಾಕ್ಯವೊಂದನ್ನು ಆಡಲು ಸಾಧ್ಯವಾಗುವಷ್ಟು ಏದುಸಿರು ಬಂದರೆ ತಪ್ಪಿಲ್ಲ. ಏದುಸಿರಿಗೂ ಮೀಟರಿನ ಅಂಕಿಗೂ ಯಾವಾಗಲೂ ತಾಳೆಯಾಗುವುದಿಲ್ಲ. 91 ಇದ್ದಾಗಲೂ ಉಸಿರು ಮೇಲೇರಬಹುದು, 84 ಇದ್ದಾಗಲೂ ಏನೂ ಅನ್ನಿಸದಿರಬಹುದು. ಆದ್ದರಿಂದ ಎರಡನ್ನೂ ನೋಡಬೇಕು. ಮಳೆ ಚಳಿಯಲ್ಲಿ ಬೆರಳು ತಣ್ಣಗಿದ್ದರೆ ಅಂಕಿ ಸುಳ್ಳೇ ಕಡಿಮೆ ಬರಬಹುದು, ಬೆರಳನ್ನು ಉಜ್ಜಿ ಬಿಸಿ ಮಾಡಿ, ಕೈ ಅಲುಗಿಸದೆ, ಅಂಕಿ ನಿಲ್ಲುವವರೆಗೆ ಕಾಯಿರಿ. ನಡಿಗೆ ನಿಲ್ಲಿಸಿದ ತಕ್ಷಣ ಮೀಟರ್ ತೆಗೆಯಬೇಡಿ, ಏಕೆಂದರೆ ಅದು ಸ್ವಲ್ಪ ತಡವಾಗಿ ತೋರಿಸುತ್ತದೆ ಮತ್ತು ಎಲ್ಲಕ್ಕಿಂತ ಕಡಿಮೆ ಅಂಕಿ ಎಷ್ಟೋ ಸಲ ಕುಳಿತ ಮೇಲೆಯೇ ಬರುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ತೋಟ ಸಾಮಾನ್ಯವಾಗಿ ಮನೆಗಿಂತ ಕೆಳಗಿರುತ್ತದೆ. ಇಳಿಯುವಾಗ ಹಾಯೆನಿಸಿ, ನಿಜವಾದ ಶ್ರಮವೆಲ್ಲ ದಣಿದ ಮೇಲೆ ಹತ್ತುವಾಗ ಎದುರಾಗುತ್ತದೆ. ಜಗಲಿಯ ನಡಿಗೆ ಪಳಗುವವರೆಗೆ, ಜೊತೆಯಲ್ಲಿ ಒಬ್ಬರಿದ್ದರೂ, ತೋಟಕ್ಕೆ ಇಳಿಸಬೇಡಿ. ಕೈಯೆತ್ತಿ ಮಾಡುವ ಕೆಲಸಗಳೂ, ಎಂದರೆ ಬಟ್ಟೆ ಹರವುವುದು, ಜೇಡರ ಬಲೆ ಹೊಡೆಯುವುದು ಇತ್ಯಾದಿ, ನಡಿಗೆಗಿಂತ ಹೆಚ್ಚು ಉಸಿರುಗಟ್ಟಿಸುತ್ತವೆ, ಏಕೆಂದರೆ ಉಸಿರಾಟಕ್ಕೆ ನೆರವಾಗುವ ಕತ್ತು ಭುಜದ ಸ್ನಾಯುಗಳು ಆಗ ಕೈಯ ಕೆಲಸಕ್ಕೆ ಹೋಗಿರುತ್ತವೆ. ಅಡಿಕೆ ಬೇಯಿಸುವ ದಿನಗಳಲ್ಲಿ ಹೊಗೆಯಿರುವ ಅಂಗಳ ಬಿಟ್ಟು ಒಳಗೇ ನಡೆಯಲಿ.

ವೈದ್ಯರು ಹೇಳಿದ ಮಿತಿಗಿಂತ ಅಂಕಿ ಇಳಿದರೆ, ಎದೆ ನೋವು, ತಲೆ ಸುತ್ತು, ತುಟಿ ನೀಲಿಯಾಗುವುದು ಕಂಡರೆ ಕೂಡಲೇ ಕೂರಿಸಿ. ಕೂತ ಮೇಲೂ ತಹಬಂದಿಗೆ ಬರದಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಜ್ವರವಿದ್ದಾಗ, ಕಫ ಹೆಚ್ಚಾದಾಗ ಅಥವಾ ಅದರ ಬಣ್ಣ ತಿರುಗಿದಾಗ ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಿ.

ನಳಿಕೆ ಉದ್ದವಾಗಿದ್ದರೆ ಹೊಸ್ತಿಲಿನಲ್ಲಿ ಕಾಲಿಗೆ ತೊಡರುತ್ತದೆ, ನಡೆಯುವಾಗ ಸುರುಳಿಯನ್ನು ಕೈಯಲ್ಲಿ ಹಿಡಿದಿರಲಿ. ಬೆಂಕಿಯ ವಿಷಯದಲ್ಲಿ ಮಾತ್ರ ನಾನು ಜಗಳವಾಡಿಯಾದರೂ ಹೇಳುತ್ತೇನೆ: ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಮೈ ಕಾಯಿಸುತ್ತಾ ಕೂರುವ ಅಭ್ಯಾಸವನ್ನು ಆಕ್ಸಿಜನ್ ಹಾಕಿಕೊಂಡವರು ಬಿಡಲೇಬೇಕು, ಒಲೆ, ದೇವರ ದೀಪ, ಬೀಡಿ ಸೇದುವವರು ಎಲ್ಲದರಿಂದ ಹತ್ತಡಿ ದೂರವಿರಬೇಕು. ನಳಿಕೆ ತಾಗಿ ಮೂಗು ಒಣಗಿದರೆ ಕೊಬ್ಬರಿ ಎಣ್ಣೆಯನ್ನಾಗಲೀ ವ್ಯಾಸಲೀನನ್ನಾಗಲೀ ಹಚ್ಚದೆ, ನೀರಿನ ಅಂಶದ ಜೆಲ್ ಕೇಳಿ ತನ್ನಿ.

ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ದಿನ ವ್ಯಾಯಾಮಕ್ಕೆ ರಜೆ ಕೊಡಿ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುವ ಅದು ಮೂರು ಲೀಟರಿಗೆ ಎಂಟು ಗಂಟೆಯಷ್ಟೇ ಬರುತ್ತದೆ. ಕಾನ್ಸಂಟ್ರೇಟರ್ ನಿಂತಾಗ ಸಿಲಿಂಡರೇ ಆಧಾರವಾದ್ದರಿಂದ ಅದರ ಗೇಜಿನ ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸಿಕೊಡುವವರಿಗೆ ಫೋನ್ ಮಾಡಿ, ಮತ್ತು ರೆಗ್ಯುಲೇಟರ್ ಬಿಗಿಯಾಗಿದೆಯೆಂದು ಅದಕ್ಕೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ.