ಬೆಳ್ಳಿ ತಂತಿಯ ಮಿಲಿವೋಲ್ಟ್ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಲೀಟರಿಗೆ 0.1 ಮೋಲ್ ಪೊಟ್ಯಾಸಿಯಂ ಬ್ರೋಮೈಡ್ ಇರುವ ದ್ರಾವಣಕ್ಕೆ ಸ್ವಲ್ಪ ಬೆಳ್ಳಿ ಬ್ರೋಮೈಡ್ ಸೇರಿಸಿ, ಬೆಳ್ಳಿ ತಂತಿ ಇಳಿಬಿಟ್ಟಿದ್ದೇನೆ. ನರ್ನ್ಸ್ಟ್ ಸಮೀಕರಣದ (ದ್ರಾವಣದಲ್ಲಿರುವ ಅಯಾನಿನ ಪ್ರಮಾಣದಿಂದ ವಿದ್ಯುದ್ವಾರದ ವಿಭವ ಲೆಕ್ಕಹಾಕುವ ಸೂತ್ರ) ಪ್ರಕಾರ +131 ಮಿಲಿವೋಲ್ಟ್ ಬರಬೇಕು. ಮೀಟರಿನಲ್ಲಿ −60 ಕಾಣುತ್ತಿದೆ. ರೆಫರೆನ್ಸ್ (ಹೋಲಿಕೆಗೆ ಇಡುವ ಸ್ಥಿರ ವಿಭವದ ವಿದ್ಯುದ್ವಾರ) ಆಗಿ ಬಳಸಿದ್ದು ಸಂತೃಪ್ತ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ ಬೆಳ್ಳಿ–ಬೆಳ್ಳಿ ಕ್ಲೋರೈಡ್ ವಿದ್ಯುದ್ವಾರ. ತಂತಿ ಕೆಟ್ಟಿದೆಯೇ?

ಉತ್ತರ: ತಂತಿ ಚೆನ್ನಾಗಿಯೇ ಇದೆ. ನಿಮ್ಮ 131 ಹೈಡ್ರೋಜನ್ ವಿದ್ಯುದ್ವಾರಕ್ಕೆ ಹೋಲಿಸಿದ ವಿಭವ. ನಿಮ್ಮ ರೆಫರೆನ್ಸ್ 25 ಡಿಗ್ರಿಯಲ್ಲಿ ತಾನೇ +197ರಲ್ಲಿ ನಿಂತಿದೆ. ಅದನ್ನು ಕಳೆದರೆ −66. ಉಳಿದ 6 ಮಿಲಿವೋಲ್ಟಿಗೆ ಕಾರಣ, ಆಕ್ಟಿವಿಟಿ (ಅಯಾನಿನ ಪರಿಣಾಮಕಾರಿ ಸಾಂದ್ರತೆ) ಹಾಕಬೇಕಾದಲ್ಲಿ ಸಾಂದ್ರತೆ ಹಾಕಿರುವುದು.

ಈ ಸಾಂದ್ರತೆಯಲ್ಲಿ ಪೊಟ್ಯಾಸಿಯಂ ಬ್ರೋಮೈಡಿನ ಆಕ್ಟಿವಿಟಿ ಗುಣಾಂಕ ಸುಮಾರು 0.77. ಹಾಗಾಗಿ ಬ್ರೋಮೈಡ್ ಆಕ್ಟಿವಿಟಿ 0.077. ಬೆಳ್ಳಿ ಬ್ರೋಮೈಡಿನ ವಿಲೇಯತಾ ಗುಣಲಬ್ಧ (ಸಂತೃಪ್ತ ದ್ರಾವಣದಲ್ಲಿ ಬೆಳ್ಳಿ ಮತ್ತು ಬ್ರೋಮೈಡ್ ಅಯಾನುಗಳ ಆಕ್ಟಿವಿಟಿಗಳ ಗುಣಲಬ್ಧ) 5.0×10⁻¹³ ಅನ್ನು ಇದರಿಂದ ಭಾಗಿಸಿದರೆ ಬೆಳ್ಳಿ ಅಯಾನಿನ ಆಕ್ಟಿವಿಟಿ 6.5×10⁻¹². ಇದರ ಲಾಗ್ −11.19. ಬೆಳ್ಳಿಯ ಪ್ರಮಾಣಿತ ವಿಭವ 799.6ರಿಂದ 59.16×11.19 ಕಳೆದರೆ (59.16 ಎಂಬುದು 25 ಡಿಗ್ರಿಯಲ್ಲಿ ಆಕ್ಟಿವಿಟಿ ಹತ್ತು ಪಟ್ಟು ಬದಲಾದಾಗ ಆಗುವ ಮಿಲಿವೋಲ್ಟ್ ವ್ಯತ್ಯಾಸ) ಸುಮಾರು +137; ರೆಫರೆನ್ಸಿನ 197 ತೆಗೆದರೆ −60. ದ್ರವಸಂಧಿಯಲ್ಲಿ (ರೆಫರೆನ್ಸಿನ ಒಳದ್ರಾವಣ ನಿಮ್ಮ ದ್ರಾವಣಕ್ಕೆ ತಾಗುವ ಜಾಗ) ಒಂದೆರಡು ಮಿಲಿವೋಲ್ಟ್ ಅತ್ತಿತ್ತ ಆಗುವುದು ಸಹಜ, ಅದರ ಬೆನ್ನು ಹತ್ತಬೇಡಿ.

ಕರಗಿದ ಒಟ್ಟು ಬೆಳ್ಳಿಯನ್ನು ಅಳೆದು ಸಮೀಕರಣಕ್ಕೆ ಹಾಕುವವರೂ ಇದ್ದಾರೆ. ಅದು ಭಾರೀ ತಪ್ಪು. ಹೆಚ್ಚುವರಿ ಬ್ರೋಮೈಡಿನಲ್ಲಿ ಕರಗಿದ ಬೆಳ್ಳಿಯ ಬಹುಪಾಲು ಎರಡು ಬ್ರೋಮೈಡ್ ಹಿಡಿದ ಸಂಕೀರ್ಣವಾಗಿ ಇರುತ್ತದೆ, ಲೀಟರಿಗೆ ಸುಮಾರು 10⁻⁶ ಮೋಲ್‌ನಷ್ಟು. ತಂತಿಗೆ ಅದು ಲೆಕ್ಕಕ್ಕಿಲ್ಲ, ಬಿಡಿ ಬೆಳ್ಳಿ ಅಯಾನ್ ಮಾತ್ರ ಲೆಕ್ಕಕ್ಕೆ.

ಓದಿಕೆ ಇನ್ನೂ ಋಣದ ಕಡೆ ಜಾರುತ್ತಿದ್ದರೆ ಅಯೋಡೈಡ್ ಕಲಬೆರಕೆಯನ್ನು ಶಂಕಿಸಿ. ಬೆಳ್ಳಿ ಅಯೋಡೈಡಿನ ಗುಣಲಬ್ಧ 8.5×10⁻¹⁷ ಮಾತ್ರ, ಲೀಟರಿಗೆ ಸುಮಾರು 2×10⁻⁵ ಮೋಲ್ ಅಯೋಡೈಡ್ ಇದ್ದರೂ ತಳದ ಬೆಳ್ಳಿ ಬ್ರೋಮೈಡ್ ಬೆಳ್ಳಿ ಅಯೋಡೈಡ್ ಆಗಿ ಬದಲಾಗತೊಡಗುತ್ತದೆ.

ಪ್ರಶ್ನೆ: 40 ಡಿಗ್ರಿಗೆ 59.16ರ ಜಾಗದಲ್ಲಿ 62.1 ಹಾಕಿದರೆ ಸಾಕೇ?

ಉತ್ತರ: ಸಾಲದು. ಬೆಳ್ಳಿ ಬ್ರೋಮೈಡ್ ಕರಗುವಾಗ ಶಾಖ ಹೀರುತ್ತದೆ; 25ರಿಂದ 40ಕ್ಕೆ ಏರಿದಾಗ ಅದರ ಗುಣಲಬ್ಧ ಸುಮಾರು ಐದು ಪಟ್ಟಾಗುತ್ತದೆ. 799.6 ಕೂಡ ಡಿಗ್ರಿಗೆ ಹೆಚ್ಚುಕಡಿಮೆ 1 ಮಿಲಿವೋಲ್ಟ್ ಇಳಿಯುತ್ತದೆ. ರೆಫರೆನ್ಸಿನ ವಿಭವವೂ ಬದಲಾಗುವುದರಿಂದ ಅದರ 40 ಡಿಗ್ರಿಯ ಬೆಲೆಯನ್ನೇ ಕಳೆಯಿರಿ. ಇಷ್ಟು ತಲೆನೋವು ಬೇಡವೆಂದರೆ ಅದೇ ಉಷ್ಣತೆಯಲ್ಲಿ, ಸಾಂದ್ರತೆ ಗೊತ್ತಿರುವ ಮೂರು ಬ್ರೋಮೈಡ್ ದ್ರಾವಣಗಳಿಂದ ರೇಖೆ ಎಳೆದು ಅದರಿಂದಲೇ ಓದಿಕೊಳ್ಳಿ.