ಟ್ರಾಲಿ ನಮ್ಮದು, ಎಂಜಿನ್ ಯಾರದು?

ನೀವು ಕೇಳಿದ್ದು ಇಷ್ಟು: ಅಮೆರಿಕ, ಚೀನಾ ಆಗಲೇ ಆರನೇ ತಲೆಮಾರಿನ ಯುದ್ಧವಿಮಾನಕ್ಕೆ ಕೈ ಹಾಕಿವೆ, ನಮ್ಮ ಐದನೇ ತಲೆಮಾರಿನದೇ (ರೇಡಾರ್ ಕಣ್ಣಿಗೆ ಸುಲಭಕ್ಕೆ ಬೀಳದಂಥದ್ದು) ಇನ್ನೂ ಹಾರಿಲ್ಲ, ಎಲ್ಲಿ ಎಡವಿದೆವು?

ನಾನು ವಿಮಾನದ ಎಂಜಿನಿಯರ್ ಅಲ್ಲ, ಬೀದರಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟುಕೊಂಡವನು. ಇಲ್ಲಿನ ವಾಯುನೆಲೆಯ ಹಾಕ್ ತರಬೇತಿ ವಿಮಾನಗಳು ತಲೆ ಮೇಲೇ ಸುತ್ತುತ್ತಿರುತ್ತವೆ. ಸದ್ದು ಬಂದರೆ ಮಾತು ನಿಲ್ಲಿಸುವುದು, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುವುದು ಇಲ್ಲಿಯವರಿಗೆಲ್ಲ ರೂಢಿ. ಹಾಗಾಗಿ ಈ ವಿಷಯ ಸ್ವಲ್ಪ ಜಾಸ್ತಿನೇ ಓದುತ್ತೇನೆ. ನನ್ನ ಪ್ರಕಾರ ಎಡವಿದ್ದು ಎಂಜಿನ್‌ನಲ್ಲಿ.

ನಮ್ಮ ಕಡೆ ಟ್ರಾಲಿ ಯಾರು ಬೇಕಾದರೂ ಮಾಡುತ್ತಾರೆ. ಚಾನಲ್, ಪತ್ರಾ, ವೆಲ್ಡಿಂಗ್ ಸೆಟ್ ಇದ್ದರೆ ಸಾಕು, ಹದಿನೈದು ದಿನದಲ್ಲಿ ಬಣ್ಣ ಹೊಡೆದು ನಿಲ್ಲಿಸುತ್ತಾರೆ. ಆದರೆ ಟ್ರ್ಯಾಕ್ಟರಿನ ಡೀಸೆಲ್ ಪಂಪ್ ಒಳಗೆ ಡೀಸೆಲ್ಲನ್ನು ಒತ್ತಿ ತಳ್ಳುವ ಒಂದು ಪ್ಲಂಜರ್ ಇರುತ್ತದೆ, ಬೆರಳಿನಷ್ಟು ಉದ್ದ. ಒಮ್ಮೆ ಕಬ್ಬಿನ ಸೀಜನ್‌ನಲ್ಲಿ ಭಾಲ್ಕಿ ಕಡೆಯ ಕಾಕಾ ಒಬ್ಬರದು ಸವೆದು ಹೋಗಿತ್ತು. ಹೈದರಾಬಾದಿನಿಂದ ಸಾಮಾನು ಬರಲು ನಾಲ್ಕು ದಿನ. "ಕಬ್ಬು ಒಣಗ್ಲಕತ್ತದ, ಏನರ ಮಾಡಪಾ" ಎಂದರು. ಹಳೆಯದನ್ನು ಅಳೆದು, ಲೇತ್ ಮೇಸ್ತ್ರಿ ಹತ್ತಿರ ಅದೇ ಅಳತೆಗೆ ಒಂದು ತಿರುಗಿಸಿಕೊಂಡು ಬಂದೆ. ನೋಡೋಕೆ ಅವಳಿ-ಜವಳಿ. ಹಾಕಿ ಎಂಜಿನ್ ತಿರುಗಿಸಿದರೆ ಒತ್ತಡವೇ ನಿಲ್ಲಲಿಲ್ಲ. ನಾಜಲ್ ಹೊರಗೆ ತೆಗೆದು ನೋಡಿದೆ. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್, ನೆಗಡಿಯಾದ ಮೂಗಿನಂತೆ ತೊಟ್ಟಿಕ್ಕುತ್ತಿತ್ತು. ಕಾಕಾ ನಕ್ಕರು, ನನಗೆ ನಗು ಬರಲಿಲ್ಲ.

ವಿಮಾನದ ಮೈ ಟ್ರಾಲಿ ಇದ್ದಂತೆ, ಎಂಜಿನ್ ಈ ಪ್ಲಂಜರ್ ಇದ್ದಂತೆ. ಆದರೆ ಜೆಟ್ ಎಂಜಿನ್ ಇದಕ್ಕಿಂತ ಎಷ್ಟೋ ಪಟ್ಟು ಕಷ್ಟದ್ದು. ಟರ್ಬೈನ್ ಅಲಗುಗಳಿಗೆ ಬಡಿಯುವ ಗಾಳಿ, ಆ ಅಲಗಿನ ಲೋಹವೇ ಕರಗುವಷ್ಟು ಬಿಸಿ ಇರುತ್ತದೆ. ಆದರೂ ಕರಗಬಾರದು, ಹಿಗ್ಗಬಾರದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಅದಕ್ಕೆ ನಿಕಲ್ ಮಿಶ್ರಲೋಹವನ್ನು ಇಡೀ ಅಲಗು ಒಂದೇ ಹರಳಾಗುವಂತೆ ಎರಕ ಹೊಯ್ಯುತ್ತಾರೆ. ಒಳಗೆ ಸಣ್ಣ ದಾರಿ, ಮೈತುಂಬ ಸಣ್ಣ ತೂತು, ಅದರಲ್ಲಿ ತಂಪು ಮಾಡುವ ಗಾಳಿ. ನಕ್ಷೆ ಕೈಗೆ ಸಿಕ್ಕರೂ ಈ ಎರಕದ ಹದ ಸಿಗುವುದಿಲ್ಲ, ಅದನ್ನು ಯಾರೂ ಮಾರುವುದೂ ಇಲ್ಲ.

ಬೇರೆಯವರನ್ನೂ ನೋಡಿ. ಟರ್ಕಿಯ ಕಾನ್ ಯುದ್ಧವಿಮಾನ 2024ರಲ್ಲಿ ಹಾರಿತು, ಎಂಜಿನ್ ಅಮೆರಿಕದ ಕಂಪನಿಯದು. ಕೊರಿಯಾದ ಕೆಎಫ್-21 ಕೂಡ ಹಾಗೇ. ಚೀನಾದ ಜೆ-20 ಹಾರಿದ್ದು 2011ರಲ್ಲಿ, ಮೊದಮೊದಲಿನವಕ್ಕೆ ರಷ್ಯಾದ ಎಂಜಿನ್. ಆದರೆ ಚೀನಾ ಅಷ್ಟಕ್ಕೇ ಸುಮ್ನೆ ಕೂರಲಿಲ್ಲ, ದುಡ್ಡು ಸುರಿದು ತನ್ನದೇ ಡಬ್ಲ್ಯುಎಸ್-10 ಎಂಜಿನ್ ಕೂರಿಸಿತು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಬಾಲವಿಲ್ಲದ ಎರಡು ಹೊಸ ವಿಮಾನ ಕಾಣಿಸಿಕೊಂಡವು, ಆರನೇ ತಲೆಮಾರಿನವು ಎನ್ನುತ್ತಾರೆ. ಮೂರು ತಿಂಗಳೊಳಗೆ ಅಮೆರಿಕ ತನ್ನ ಆರನೇ ತಲೆಮಾರಿನ ಎಫ್-47 ಕೆಲಸವನ್ನು ಬೋಯಿಂಗ್‌ಗೆ ಕೊಟ್ಟಿತು. ಬ್ರಿಟನ್, ಇಟಲಿ, ಜಪಾನ್ ಸೇರಿ 2035ಕ್ಕೆ ಅಂಥದೇ ಒಂದು ವಿಮಾನ ತರುತ್ತೇವೆ ಎನ್ನುತ್ತಿವೆ. ಜೊತೆಗೂಡಿ ಒಂದು ವಿಮಾನ ಮಾಡಲು ಹೊರಟ ಫ್ರಾನ್ಸ್, ಜರ್ಮನಿ ಕಂಪನಿಗಳದು ಯಾರಿಗೆ ಎಷ್ಟು ಕೆಲಸ ಎಂಬ ಜಗಳ, ಥೇಟ್ ಅಣ್ಣತಮ್ಮಂದಿರ ಬದುವಿನ ತಂಟೆ.

ನಮ್ಮ ಕಥೆ 1961ರಿಂದಲೂ ಒಂದೇ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಮಾಡಿಕೊಟ್ಟ ಮಾರುತ್ ಒಳ್ಳೆಯ ಯುದ್ಧವಿಮಾನ, ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ. 1980ರ ದಶಕದಲ್ಲಿ ಶುರುವಾದ ಕಾವೇರಿ ಎಂಜಿನ್ ತೂಕ ಜಾಸ್ತಿ, ತಳ್ಳುವ ಬಲ ಕಮ್ಮಿ ಆಗಿ 2008ರಲ್ಲಿ ನಮ್ಮ ಹಗುರ ಯುದ್ಧವಿಮಾನ ತೇಜಸ್‌ನಿಂದ ಬೇರೆಯಾಯಿತು. 2021ರಲ್ಲಿ 83 ತೇಜಸ್ ಮಾರ್ಕ್-1ಎ ಆರ್ಡರ್ ಆದವು. ಅವುಗಳ ಮೊದಲ ಅಮೆರಿಕನ್ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ಕಾಕಾ ಅವರ ಟ್ರ್ಯಾಕ್ಟರ್ ನಾಲ್ಕೇ ದಿನ ನಿಂತಿತ್ತು!

ಮುಂದೆ ಹೋದವರನ್ನು ಹಿಡಿಯೋಕೆ ಆಗುತ್ತಾ? ತಲೆಮಾರಿನ ನಂಬರ್ ಹಿಂದೆ ಓಡುವುದು ನನಗೆ ಇಷ್ಟವಿಲ್ಲ. ನಮ್ಮ ಐದನೇ ತಲೆಮಾರಿನ ವಿಮಾನ ಆಮ್ಕಾಗೆ 2024ರಲ್ಲಿ ಸುಮಾರು 15,000 ಕೋಟಿ ರೂಪಾಯಿ ಮಂಜೂರಾಗಿದೆ, ಆದರೆ ಮೊದಲ ಮಾದರಿಗೆ ಅಮೆರಿಕದ ಎಫ್-414 ಎಂಜಿನ್ನೇ. ಮುಂದಿನ ಎಂಜಿನ್ ಫ್ರಾನ್ಸಿನ ಸಫ್ರಾನ್ ಕಂಪನಿ ಜೊತೆ ಇಲ್ಲೇ ಮಾಡುತ್ತೇವೆ ಎಂದು ರಕ್ಷಣಾ ಸಚಿವರು 2025ರ ಆಗಸ್ಟ್‌ನಲ್ಲಿ ಹೇಳಿದರು. ಅದರಲ್ಲಿ ಆ ಅಲಗಿನ ಎರಕ ನಮ್ಮವರ ಕೈಯಲ್ಲಿ ಆಗುತ್ತದಾ, ಇಲ್ಲ ಬಂದ ಸಾಮಾನಿಗೆ ನಟ್ಟು ಬಿಗಿಯುವುದಷ್ಟೇನಾ? ನಾನು ಕಾಯುತ್ತಿರುವುದು ಅದನ್ನು ನೋಡೋಕೆ. ಯಾಕೆಂದರೆ ಈಗ ನನ್ನ ಗ್ಯಾರೇಜ್ ಮೇಲೆ ಹೋದ ಹಾಕ್ ಇದೆಯಲ್ಲ, ಅಂಥವನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವರ್ಷಗಟ್ಟಲೆ ಕಟ್ಟಿದ್ದೇವೆ. ಅದರ ಎಂಜಿನ್ ವಿನ್ಯಾಸ ಇವತ್ತಿಗೂ ಹೊರಗಿನವರದೇ.