ಹೊಲಿಗೆಯ ದಾರ: ಕೆಡದಂತೆ, ಸಿಕ್ಕಾಗದಂತೆ ಇಡುವುದು ಹೇಗೆ?

ಪ್ರಶ್ನೆ: ಮನೆಯಲ್ಲಿಯೇ ರವಿಕೆ, ಚೂಡಿದಾರ ಹೊಲಿದುಕೊಡುತ್ತೇನೆ. ನೂರಕ್ಕೂ ಹೆಚ್ಚು ರೀಲುಗಳು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗಳಲ್ಲಿವೆ. ಒಂದು ಬಣ್ಣ ಹುಡುಕುವಷ್ಟರಲ್ಲಿ ನಾಲ್ಕು ರೀಲುಗಳ ದಾರ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ; ಮಳೆಗಾಲದಲ್ಲಿ ಡಬ್ಬಿ ತೆರೆದರೆ ಮುಗ್ಗಲು ವಾಸನೆ ಬರುತ್ತದೆ. ಎಲ್ಲವನ್ನೂ ಬಣ್ಣದ ಪ್ರಕಾರ ಜೋಡಿಸಿದರೆ ಸಾಕೆ?
– ಓದುಗರೊಬ್ಬರು, ಉಡುಪಿ

ಉತ್ತರ: ಬಣ್ಣದ ಪ್ರಕಾರ ಜೋಡಿಸಬಹುದು, ಆದರೆ ಅದು ಎರಡನೆಯ ಹಂತದ ಕೆಲಸ. ಅದಕ್ಕೂ ಮೊದಲು ಹತ್ತಿ, ಪಾಲಿಯೆಸ್ಟರ್, ರೇಷ್ಮೆ ಮತ್ತು ಜರಿ ದಾರಗಳನ್ನು ಬೇರೆ ಬೇರೆ ಮಾಡಬೇಕು, ಏಕೆಂದರೆ ಇವು ಕೆಡುವ ರೀತಿ ಒಂದೇ ಅಲ್ಲ. ವಾಣಿಜ್ಯ ಲೆಕ್ಕದಲ್ಲಿ ಹತ್ತಿ ತನ್ನ ಒಣ ತೂಕದ ಶೇ. 8.5ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ; ರೇಷ್ಮೆಗೆ ಈ ಪ್ರಮಾಣ ಶೇ. 11, ಪಾಲಿಯೆಸ್ಟರಿಗೆ ಶೇ. 0.4 ಮಾತ್ರ. ಕರಾವಳಿಯ ಜೂನ್‌–ಸೆಪ್ಟೆಂಬರ್‌ ತಿಂಗಳುಗಳಲ್ಲಿ ನಿಮ್ಮ ಡಬ್ಬಿಯ ಹತ್ತಿ ದಾರ ಬೂಷ್ಟು ಹಿಡಿದು ಬಲ ಕಳೆದುಕೊಳ್ಳುವಾಗ, ಅದರ ಪಕ್ಕದಲ್ಲಿಯೇ ಇರುವ ಪಾಲಿಯೆಸ್ಟರ್ ರೀಲು ಹೆಚ್ಚೆಂದರೆ ವಾಸನೆ ಹಿಡಿಯುತ್ತದೆ. ಆದ್ದರಿಂದ ಗಾಳಿಯಾಡದ ಒಳ್ಳೆಯ ಡಬ್ಬಿಗಳು ಕೆಲವೇ ಇದ್ದರೆ ಅವುಗಳನ್ನು ಹತ್ತಿ ಮತ್ತು ರೇಷ್ಮೆ ದಾರಗಳಿಗೆ ಮೀಸಲಿಡಿ.

ಚೀಟಿ ಕಿತ್ತುಹೋದ ರೀಲು ಯಾವುದರದೆಂದು ತಿಳಿಯಲು ಬೆರಳುದ್ದದ ತುಂಡನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಪಾಲಿಯೆಸ್ಟರ್ ಮುದುಡಿ ಕರಗಿ, ತಣಿದ ಮೇಲೆ ಗಟ್ಟಿಯಾದ ಗುಂಡು ಮಣಿಯಾಗುತ್ತದೆ.

ತಗಡಿನ ಡಬ್ಬಿಗಳನ್ನು ನಿಮ್ಮ ಊರಿನಲ್ಲಿ ಬಿಟ್ಟುಬಿಡುವುದೇ ಮೇಲು. ತುಕ್ಕಿನ ಕಲೆ ದಾರಕ್ಕೆ ಹತ್ತಿದರೆ ಹೋಗುವುದಿಲ್ಲ, ಅಂಥ ದಾರದಿಂದ ಹೊಲಿದ ಬಿಳಿ ರವಿಕೆಯ ಮೇಲೂ ಅದು ಕಾಣಿಸುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಅಥವಾ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕೆಯಿರುವ ಪ್ಲಾಸ್ಟಿಕ್ ಡಬ್ಬಿ ಉತ್ತಮ. ಈ ಅಂಕೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಸೂಚಿಸುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣವಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವ ತುಂಬಿಕೊಂಡಿದೆ ಎಂದರ್ಥ, ಬದಲಾಯಿಸಬೇಕು; ಅದನ್ನು ಅಡುಗೆಯ ಪಾತ್ರೆಯಲ್ಲಿ ಹುರಿದು ಮತ್ತೆ ಬಳಸುವ ಸಾಹಸ ಬೇಡ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮಳೆ ಸುರಿಯುವ ದಿನ ದಾರವನ್ನು ತುಂಬಿ ಮುಚ್ಚಳ ಬಿಗಿದರೆ ಅಂದಿನ ತೇವವೂ ಒಳಗೇ ಉಳಿಯುತ್ತದೆ. ಈ ಜೋಡಣೆಯನ್ನು ಏಪ್ರಿಲ್‌ ಅಥವಾ ಮೇ ತಿಂಗಳಿನಲ್ಲಿ, ರೀಲುಗಳನ್ನು ನೆರಳಿನಲ್ಲಿ ಒಂದೆರಡು ದಿನ ಗಾಳಿಗೆ ಹರಡಿದ ಮೇಲೆ ಮಾಡುವುದು ಒಳ್ಳೆಯದು.

ಸಿಕ್ಕಾಗುವುದಕ್ಕೆ ಕಾರಣ ಡಬ್ಬಿಯಲ್ಲ, ಬಿಟ್ಟ ತುದಿ. ಹೆಚ್ಚಿನ ಪ್ಲಾಸ್ಟಿಕ್ ರೀಲುಗಳ ಅಂಚಿನಲ್ಲಿ ತುದಿಯನ್ನು ಸಿಕ್ಕಿಸುವ ಸಣ್ಣ ಸೀಳು ಇರುತ್ತದೆ. ಹೊಲಿಗೆ ಮುಗಿದ ಕೂಡಲೇ ದಾರವನ್ನು ಅದರಲ್ಲಿ ಸಿಕ್ಕಿಸುವುದು ರೂಢಿಯಾದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಸೆಕೆಗೆ ಕರಗಿ ಅಂಟುತ್ತದೆ. ರೀಲುಗಳನ್ನು ರಾಶಿ ಹಾಕದೆ ತಲೆ ಮೇಲಾಗಿ, ಒಂದೇ ಪದರದಲ್ಲಿ ನಿಲ್ಲಿಸಿದರೆ ಮುಚ್ಚಳ ತೆರೆದೊಡನೆ ಎಲ್ಲ ಬಣ್ಣಗಳೂ ಕಾಣುತ್ತವೆ. ಒಂದು ಬಣ್ಣದ ರೀಲನ್ನೂ ಅದೇ ಬಣ್ಣದ ಬಾಬಿನನ್ನೂ ಒಂದೇ ಸಣ್ಣ ಜಿಪ್ ಚೀಲದಲ್ಲಿಡುವುದು ರವಿಕೆ ಹೊಲಿಯುವವರಿಗೆ ಬಹಳ ಅನುಕೂಲ. ಪಾಲಿಯೆಸ್ಟರ್ ದಾರವನ್ನು ಬಾಬಿನಿಗೆ ಅತಿ ವೇಗವಾಗಿ ಸುತ್ತಬಾರದು. ಎಳೆದು ಸುತ್ತಿದ ದಾರ ಹೊಲಿದ ಮೇಲೆ ಕುಗ್ಗಿ, ಹೊಲಿಗೆಯ ಸಾಲು ನಿರಿಗೆ ಹಿಡಿಯುತ್ತದೆ.

ಇಷ್ಟಾದ ಮೇಲೆ ಬಣ್ಣ. ಬಿಳಿ, ಕಪ್ಪು ಮತ್ತು ಕೆನೆ ಬಣ್ಣದ ರೀಲುಗಳು ದಿನವೂ ಬೇಕಾಗುವುದರಿಂದ ಅವು ಯಂತ್ರದ ಪಕ್ಕದ ಸಣ್ಣ ಡಬ್ಬಿಯಲ್ಲಿರಲಿ. ಉಳಿದವನ್ನು ತಿಳಿಯಿಂದ ಗಾಢಕ್ಕೆ ಜೋಡಿಸಿ. ದಪ್ಪ ದಾರ ಇವುಗಳೊಡನೆ ಬೆರೆಯದಿರಲಿ. ರೀಲಿನ ಮೇಲಿನ ಟಿಕೆಟ್ ಸಂಖ್ಯೆ ಹೆಚ್ಚಾದಂತೆ ದಾರ ತೆಳುವಾಗುತ್ತದೆ: ಸಾಮಾನ್ಯ ಹೊಲಿಗೆಯದು 120, ಜೀನ್ಸಿನ ಮೇಲೆ ಎದ್ದು ಕಾಣುವ ಹೊಲಿಗೆಯದು 30ರ ಆಸುಪಾಸು.

ಪ್ರಶ್ನೆ: ಕಸೂತಿಯ ಲಡಿಗಳ ಚೀಟಿ ಕಳೆದುಹೋಗಿ, ಅರ್ಧ ಮುಗಿದ ಸೀರೆಗೆ ಅದೇ ಕೆಂಪು ಸಿಗುತ್ತಿಲ್ಲ. ಮುಂದೆ ಹೀಗಾಗದಂತೆ ಏನು ಮಾಡಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಮಾರುಕಟ್ಟೆಯ ಸಾಮಾನ್ಯ ಲಡಿ 8 ಮೀಟರ್ ಉದ್ದವಿದ್ದು, ಅದರಲ್ಲಿ ಆರು ಎಳೆಗಳಿರುತ್ತವೆ. ಲಡಿಯನ್ನು ಬಿಡಿಸಿದ ದಿನವೇ ದಪ್ಪ ಕಾಗದದ ತುಂಡಿಗೆ ಸಡಿಲವಾಗಿ ಸುತ್ತಿ, ಚೀಟಿಯ ಮೇಲಿನ ಬಣ್ಣದ ಸಂಖ್ಯೆಯನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದುಬಿಡಿ. ಬಿಗಿಯಾಗಿ ಸುತ್ತಿದರೆ ದಾರದಲ್ಲಿ ಮಡಿಕೆ ಬೀಳುತ್ತದೆ. ಕಸೂತಿಯ ಗವಂತಿ ಮತ್ತು ಮುರಗಿ ಎಂಬ ಬಗೆಗಳಲ್ಲಿ ಹೊಲಿಗೆ ಎರಡೂ ಬದಿಗೆ ಒಂದೇ ರೀತಿ ಮೂಡುವುದರಿಂದ ಬಣ್ಣದ ಸಣ್ಣ ವ್ಯತ್ಯಾಸವನ್ನು ಮರೆಮಾಡಲು ಜಾಗವೇ ಇರುವುದಿಲ್ಲ. ಹಾಗಾಗಿ ಇಡೀ ಸೀರೆಗೆ ಬೇಕಾಗುವಷ್ಟು ಲಡಿಗಳನ್ನು ಒಂದೇ ಬಾರಿಗೆ ಕೊಳ್ಳಿ, ಸಂಖ್ಯೆ ಒಂದೇ ಆದರೂ ಬಣ್ಣ ಹಾಕಿದ ಸರದಿ (ಡೈ ಲಾಟ್) ಬೇರೆಯಾದರೆ ಛಾಯೆ ತುಸು ಬದಲಾಗಬಹುದು. ಈಗಿನ ಸೀರೆಗೆ, ಉಳಿದ ದಾರದ ತುಂಡನ್ನು ಅಂಗಡಿಗೆ ಒಯ್ದು, ಟ್ಯೂಬ್‌ಲೈಟಿನ ಕೆಳಗಲ್ಲ, ಹೊರಗಿನ ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿ. ಹೊಸ ಕೆಂಪನ್ನು ಬಳಸುವ ಮುನ್ನ ಒದ್ದೆಯಾದ ಬಿಳಿ ಬಟ್ಟೆಗೆ ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ: ಕಿಟಕಿಯ ಎದುರಿನ ಗೋಡೆಗೆ ಮರದ ಸ್ಟ್ಯಾಂಡ್ ಹಾಕಿಸಿ ರೀಲುಗಳನ್ನು ಸಾಲಾಗಿ ಜೋಡಿಸುವ ಆಸೆಯಿದೆ. ಸರಿಯೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೋಡಲು ಚೆನ್ನಾಗಿರುತ್ತದೆ, ದಾರಕ್ಕೆ ಒಳ್ಳೆಯದಲ್ಲ. ಬಿಸಿಲು ಬಣ್ಣವನ್ನು ಮಾತ್ರವಲ್ಲದೆ ಹತ್ತಿ, ರೇಷ್ಮೆ, ನೈಲಾನ್ ದಾರಗಳ ಬಲವನ್ನೂ ಕುಗ್ಗಿಸುತ್ತದೆ, ಮೇಲೆ ಕೂತ ಧೂಳು ಯಂತ್ರದೊಳಗೆ ಸೇರುತ್ತದೆ. ಸ್ಟ್ಯಾಂಡ್ ಬೇಕೇ ಬೇಕೆಂದಿದ್ದರೆ ಕಪಾಟಿನ ಬಾಗಿಲಿನ ಒಳಮೈಗೆ ಹಾಕಿಸಿ.

ಪ್ರಶ್ನೆ: ಸೀರೆಗೆ ಕುಚ್ಚು ಕಟ್ಟುತ್ತೇನೆ. ಜರಿ ದಾರ ಒಂದೇ ವರ್ಷದಲ್ಲಿ ಕಪ್ಪಾಯಿತು.
– ಓದುಗರೊಬ್ಬರು, ಮೈಸೂರು

ಉತ್ತರ: ಅಸಲಿ ಜರಿ ಎಂದರೆ ಬಹುಪಾಲು ಬೆಳ್ಳಿಯೇ. ನಿಮ್ಮ ಊರಿನ ಕೆ.ಎಸ್.ಐ.ಸಿ. (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಸೀರೆಗಳ ಜರಿಯಲ್ಲಿಯೇ ಶೇ. 65ರಷ್ಟು ಬೆಳ್ಳಿ ಇದ್ದರೆ ಚಿನ್ನ ಶೇ. 0.65 ಮಾತ್ರ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ರಬ್ಬರಿನಲ್ಲಿಯೂ ಗಂಧಕವಿರುವುದರಿಂದ ಜರಿಯ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಇರಲೇಬಾರದು. ನುಸಿಗುಳಿಗೆ ಮತ್ತು ಸುಗಂಧ ದ್ರವ್ಯಗಳನ್ನೂ ದೂರವಿಡಿ. ತೊಳೆದು ಚೆನ್ನಾಗಿ ಒಣಗಿಸಿದ ಹಳೆಯ ಮಲ್ ಬಟ್ಟೆಯಲ್ಲಿ ಪ್ರತಿ ರೀಲನ್ನೂ ಬೇರೆ ಬೇರೆ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ವರ್ತಮಾನ ಪತ್ರಿಕೆಯ ಕಾಗದ ಬೇಡ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಜರಿಯಲ್ಲಿ ಹೆಚ್ಚಿನದು ಪ್ಲಾಸ್ಟಿಕ್ ಪಟ್ಟಿಯದು. ಅದು ಹೀಗೆ ಕಪ್ಪಾಗುವುದಿಲ್ಲ, ಆದರೆ ಇಸ್ತ್ರಿಯ ಶಾಖಕ್ಕೆ ಮುದುಡುತ್ತದೆ; ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ.

ಪ್ರಶ್ನೆ: ಅಜ್ಜಿಯ ಕಾಲದ, ಮರದ ರೀಲಿನ ಹತ್ತಿ ದಾರಗಳು ಸಿಕ್ಕಿವೆ. ಬಳಸಬಹುದೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಒಂದು ಗೇಣು ದಾರವನ್ನು ಎರಡೂ ಕೈಗಳಲ್ಲಿ ಹಿಡಿದು ಎಳೆಯಿರಿ. ಬೆರಳಿಗೆ ಒತ್ತಿದ ಅನುಭವವಾಗುವ ಮೊದಲೇ ತುಂಡಾದರೆ ಅದು ಬಟ್ಟೆಗೆ ಯೋಗ್ಯವಲ್ಲ, ಮೇಣ ಹಚ್ಚಿದರೂ ಹೋದ ಬಲ ಮರಳುವುದಿಲ್ಲ. ಆದರೆ ಹೊರಗಿನ ಸುತ್ತುಗಳು ಮಾತ್ರ ಬೆಳಕಿಗೆ ಕೆಟ್ಟು ಒಳಗಿನವು ಗಟ್ಟಿಯಾಗಿರುವುದುಂಟು. ನಾಲ್ಕೈದು ಪದರಗಳನ್ನು ಬಿಚ್ಚಿ ಮತ್ತೊಮ್ಮೆ ಪರೀಕ್ಷಿಸಿ. ಸ್ವಲ್ಪ ಬಲವಿದೆಯೆನಿಸಿದರೆ ಆಮೇಲೆ ಕಿತ್ತುಹಾಕುವ ಕಚ್ಚಾ ಹೊಲಿಗೆಗೆ ಬಳಸಿ; ಒಗೆತಕ್ಕೆ ಮತ್ತೆ ಮತ್ತೆ ಹೋಗುವ ಕೌದಿಗೆ ಮಾತ್ರ ಹೊಸ ದಾರವನ್ನೇ ಕೊಳ್ಳಿ.